ಬೇಕರಿಯವರು ಬಿಟ್ಟುಹೋದ ಮನೆ

ಆ ಮನೆ ಕೊಂಡಾಗ ಅಕ್ಕನಿಗೆ ಐವತ್ತು ದಾಟಿತ್ತು, ತಮ್ಮನಿಗೆ ನಲವತ್ತರ ಹತ್ತಿರ. ಅಪ್ಪ ಅಮ್ಮ ಇಬ್ಬರೂ ಬೇಗ ಹೋಗಿಬಿಟ್ಟಿದ್ದರಿಂದ ತಮ್ಮನನ್ನು ಸಾಕಿ ಬೆಳೆಸಿದವಳು ಅವಳೇ. ಹೊಲಿಗೆ ಮೆಷಿನ್ನಿನ ಮುಂದೆ ಕೂತು ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಅವನನ್ನು ಓದಿಸಲು ನೋಡಿದಳು. ಓದು ತಲೆಗೆ ಹತ್ತುವುದಿಲ್ಲ ಎಂದು ಖಾತ್ರಿಯಾದ ಮೇಲೆ ವೆಲ್ಡಿಂಗ್ ಕೆಲಸಕ್ಕೆ ಸೇರಿಸಿದಳು. ಈಗ ಅವನದೇ ಒಂದು ಶೆಡ್ಡಿತ್ತು. ಗೇಟು, ಗ್ರಿಲ್ಲು, ಅಂಗಡಿ ಶಟರು ಮಾಡಿಕೊಡುತ್ತಿದ್ದ. ಅವನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಾಡಿಗೆ ಮನೆಗಳನ್ನು ಬದಲಾಯಿಸಿ ಬದಲಾಯಿಸಿ ಮೂವರಿಗೂ ಸಾಕುಸಾಕಾಗಿತ್ತು. ಗಲ್ಲಿಯೊಳಗೆ ಕಾರು ಬರುವುದಿಲ್ಲ ಎಂಬ ಒಂದೇ ಕೊರತೆಯಿಂದ ಈ ಮನೆ ಇವರ ಕೈಗೆ ಎಟುಕಿತು.

ಎರಡು ಮನೆಗಳ ನಡುವೆ ಒತ್ತರಿಸಿಕೊಂಡು ನಿಂತಿದ್ದ, ಮುಂದೆ ಕಿರಿದಾಗಿ ಒಳಗೆ ಉದ್ದಕ್ಕೆ ಹೋಗುವ ಮನೆ. ಮೊದಲು ಕಟ್ಟಿಸಿದವನು ಮರದ ವ್ಯಾಪಾರಿಯಂತೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತನ್ನ ಅಂಗಡಿಯ ಒಳ್ಳೊಳ್ಳೆಯ ತೊಲೆಗಳನ್ನೆಲ್ಲ ಪುಣ್ಯಾತ್ಮ ಇಲ್ಲಿಗೇ ಸಾಗಿಸಿದ್ದ. ತಲೆಬಾಗಿಲನ್ನು ತೆರೆಯಲು ಭುಜ ಕೊಟ್ಟು ನೂಕಬೇಕು. ದಾಟಿದರೆ ಉದ್ದನೆಯ ನಡುದಾರಿ, ಅದರ ಕೊನೆಗೆ ಗಾಜಿನ ಮಾಡಿನಿಂದ ಬೆಳಕು ಇಳಿಯುವ ಒಳಅಂಗಳ. ಅಂಗಳ ಒಂದು ಮೆಟ್ಟಿಲಷ್ಟು ತಗ್ಗಿನಲ್ಲಿತ್ತು. ಅದರ ನಾಲ್ಕು ಮೂಲೆಗೆ, ತಬ್ಬಿದರೆ ಕೈಗೆ ಕೈ ತಾಗದಷ್ಟು ದಪ್ಪದ ನಾಲ್ಕು ಕಂಬ. ಒಂದು ಪಕ್ಕ ಅಡುಗೆಮನೆ, ಇನ್ನೊಂದು ಪಕ್ಕ ಅಕ್ಕನ ಕೋಣೆ, ಹಿಂದೆ ಬಚ್ಚಲು. ಮರದ ಮೆಟ್ಟಿಲು ಹತ್ತಿದರೆ ಮೇಲೆ ಇನ್ನೆರಡು ಕೋಣೆ.

ಇಷ್ಟೆಲ್ಲ ಚೆಂದವಿದ್ದ ಮನೆಯಲ್ಲಿ ಕೆಲವು ವಿಚಿತ್ರಗಳೂ ಇದ್ದವು. ನಡುದಾರಿಯ ಗೋಡೆಗುಂಟ ಸೊಂಟದೆತ್ತರಕ್ಕೆ ಒಂದು ಮರದ ಪಟ್ಟಿ ಹೊರಟು, ಬಾಗಿಲು ಬಂದಲ್ಲಿ ನಿಂತು, ಮತ್ತೆ ಮುಂದುವರಿದು, ಇಡೀ ಮನೆಯನ್ನು ಸುತ್ತು ಹಾಕಿತ್ತು. ಒಳಬಾಗಿಲುಗಳಿಗೆ ಹೊಸ್ತಿಲೇ ಇರಲಿಲ್ಲ. ಕದಗಳು ಒಳಕ್ಕೋ ಹೊರಕ್ಕೋ ತೆರೆದುಕೊಳ್ಳದೆ ಗೋಡೆಯ ಪಕ್ಕಕ್ಕೆ ಜಾರುತ್ತಿದ್ದವು. ನೆಲವೆಲ್ಲ ನುಣ್ಣನೆಯ ಕಲ್ಲು, ಆದರೆ ಮೆಟ್ಟಿಲ ಮುಂದೆ ಮತ್ತು ಅಂಗಳದ ಅಂಚಿನಲ್ಲಿ ಮಾತ್ರ ಒರಟು ಕಲ್ಲಿನ ಒಂದು ಸಾಲು.

"ಯಾವ ಹುಚ್ಚ ಮಾಡಿಸಿದ್ದು ಸಾರ್ ಇದನ್ನೆಲ್ಲ?" ಎಂದ ಮನೆ ನೋಡಲು ಬಂದ ಬಡಗಿ.

"ಯಾರೋ. ಪಟ್ಟಿ ಕಿತ್ತುಬಿಡೋಣ. ನೆಲಕ್ಕೆ ಟೈಲ್ಸು, ಬಾಗಿಲಿಗೆ ಹೊಸ ಕದ. ಮುಂದಿನ ವಾರ ಶುರು ಮಾಡು," ಎಂದ ತಮ್ಮ.

ಅಕ್ಕ ಮನೆಯಲ್ಲಿ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿ ಒಂದಿತ್ತು. ಅವಳಿಗೆ ಕಣ್ಣು ಹೋಗುತ್ತಿತ್ತು.

ಬದಿಯಿಂದ ಶುರುವಾಗಿತ್ತು ಅದು. ಎದುರಿಗಿದ್ದದ್ದು ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿದ್ದದ್ದು, ಕಾಲ ಬಳಿ ಇದ್ದದ್ದು ಇಲ್ಲವೇ ಇಲ್ಲ. ಬೀದಿಯಲ್ಲಿ ಎದುರಾದವರಿಗೆ ಡಿಕ್ಕಿ ಹೊಡೆದು ಬೈಸಿಕೊಂಡಿದ್ದಳು. ತೊಡೆಯ ಮೇಲಿದ್ದ ಕತ್ತರಿಯನ್ನು ಮನೆಯೆಲ್ಲ ಹುಡುಕಿದ್ದಳು. ಡಾಕ್ಟರಿಗೆ ತೋರಿಸಿದ್ದಾಗಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಆದಷ್ಟು ಕಾಲ ಕಾಪಾಡಿಕೊಳ್ಳಬಹುದು ಎಂದಿದ್ದರು. ತಮ್ಮ ಆಗಷ್ಟೇ ಮನೆಯ ಮಾತುಕತೆಗೆ ಓಡಾಡುತ್ತಿದ್ದ. ಹೇಳಿದರೆ ಎಲ್ಲವನ್ನೂ ಬಿಟ್ಟು ತನ್ನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತುಕೊಂಡು ತಿರುಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಬಾಯಿ ಮುಚ್ಚಿಕೊಂಡಳು. ಹೊಸ ಮನೆಯೆಂದರೆ ಅವಳಿಗೆ ಸಂತೋಷಕ್ಕಿಂತ ಭಯವೇ ಹೆಚ್ಚಿತ್ತು. ಹಳೆಯ ಬಾಡಿಗೆ ಮನೆಯಾದರೆ ಕಾಲಿಗೆ ಅಭ್ಯಾಸವಿತ್ತು. ಇಲ್ಲಿ ಎಲ್ಲಿ ಎಡವುತ್ತೇನೋ, ಎಲ್ಲಿ ಸಿಕ್ಕಿಬೀಳುತ್ತೇನೋ.

ಬಂದ ದಿನವೇ ಕಂಬಕ್ಕೆ ಭುಜ ಹೊಡೆದುಕೊಂಡಳು. ನೋವಾಗಲಿಲ್ಲ. ಯಾಕಿರಬಹುದೆಂದು ಕಂಬವನ್ನು ಸವರಿ ನೋಡಿದಳು. ಚೌಕದ ಕಂಬ, ಆದರೆ ನೆಲದಿಂದ ತಲೆಯೆತ್ತರದವರೆಗೆ ಅದರ ಅಂಚುಗಳನ್ನು ಯಾರೋ ಕೆತ್ತಿ ದುಂಡಗೆ ಮಾಡಿದ್ದರು. ಅಲ್ಲಿಂದ ಮೇಲೆ ಮರದ ವ್ಯಾಪಾರಿಯ ಚೂಪು ಅಂಚು ಹಾಗೇ ಇತ್ತು.

ಮನೆಯವರಿಬ್ಬರೂ ಕೆಲಸಕ್ಕೆ ಹೋದ ಮಧ್ಯಾಹ್ನಗಳಲ್ಲಿ ಅವಳೊಬ್ಬಳೇ ಮನೆಯಲ್ಲಿ ಓಡಾಡಿದಳು. ಕೈ ತಾನಾಗಿಯೇ ಪಟ್ಟಿಯ ಮೇಲೆ ಹೋಗಿ ಕೂತಿತು. ಅದರ ಮೇಲಂಚು ಎಷ್ಟು ನಯವಾಗಿತ್ತೆಂದರೆ ಇನ್ನೊಂದು ಕೈ ಅಲ್ಲಿ ವರ್ಷಗಟ್ಟಲೆ ಜಾರಿರಬೇಕು. ಅಡುಗೆಮನೆಯ ಬಾಗಿಲು ಬರುವ ಮುಂಚೆ ಬೆರಳಿಗೆ ಒಂದು ಹಿತ್ತಾಳೆ ಮೊಳೆಯ ದುಂಡು ತಲೆ ಸಿಕ್ಕಿತು. ಬಚ್ಚಲಿನ ಹತ್ತಿರ ಅಂಥವು ಎರಡು. ಮೆಟ್ಟಿಲ ಹತ್ತಿರ ಮೂರು. ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟರೆ ಪಾದಕ್ಕೆ ಒರಟು ಕಲ್ಲು ತಾಗಿ, ಇನ್ನು ಹತ್ತಬೇಕು ಎಂದು ತಿಳಿಸುತ್ತಿತ್ತು.

ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಈ ಮನೆಯಲ್ಲಿ ಕಣ್ಣು ಕಾಣದವರು ಯಾರೋ ಇದ್ದರು. ಬರೀ ಇದ್ದರು ಎಂದಲ್ಲ, ಕೈಬೀಸಿಕೊಂಡು ಓಡಾಡಿಕೊಂಡಿದ್ದರು. ಒಂದು ವರ್ಷದಿಂದ ಅವಳು ಒಬ್ಬಳೇ ಹೆದರಿ ಹೆದರಿ ಹೋಗುತ್ತಿದ್ದ ದಾರಿಯಲ್ಲಿ ಯಾರೋ ಆಗಲೇ ನಡೆದುಹೋಗಿದ್ದರು. ಬಹಳ ದಿನಗಳಿಂದ ಕಟ್ಟಿಹಿಡಿದಿದ್ದ ಅಳು ಆಗ ಬಂತು. ಅತ್ತು ಮುಗಿದ ಮೇಲೆ ಎದ್ದುಹೋಗಿ ಚಹಾ ಮಾಡಿಕೊಂಡು ಕುಡಿದಳು. ಚಹಾ ಚೆನ್ನಾಗಿತ್ತು.

ಮುಂದಿನ ವಾರ ಹೇಳಿದ ದಿನಕ್ಕೇ ಬಡಗಿ ಬಂದುಬಿಟ್ಟ. ಪಟ್ಟಿಯ ಕೆಳಗೆ ಉಳಿ ತೂರಿಸಿ ಒಂದು ತುಂಡನ್ನು ಎತ್ತಿದ್ದೇ ತಡ, ಅಕ್ಕ ಅದರ ಮೇಲೆ ಕೈಯಿಟ್ಟಳು.

"ಸ್ವಲ್ಪ ನಿಲ್ಲಿಸಪ್ಪ. ಇದು ಇರ್ಲಿ."

"ಇದನ್ನ ಇಟ್ಕೊಂಡು ಏನು ಮಾಡ್ತೀಯಕ್ಕ? ಧೂಳು ಕೂರುತ್ತೆ ಅಷ್ಟೆ," ಎಂದ ತಮ್ಮ.

"ಧೂಳು ನಾನು ಒರೆಸ್ಕೋತೀನಿ."

"ಟೈಲ್ಸ್ ಹಾಕುವಾಗ ಅಡ್ಡ ಬರುತ್ತೆ."

"ಟೈಲ್ಸೂ ಬೇಡ."

ತಮ್ಮ ನಕ್ಕ. "ಕದಗಳನ್ನಾದ್ರೂ ಬದಲಾಯಿಸ್ಬಹುದಾ, ಇಲ್ಲ ಅದಕ್ಕೂ ನಿನ್ನ ತಕರಾರಿದ್ಯಾ?"

"ಅದೂ ಬೇಡ ಕಣೋ."

ನಗು ನಿಂತಿತು. ಸ್ವಂತ ಮನೆಗೆ ವರ್ಷಗಳಿಂದ ಎಲ್ಲರಿಗಿಂತ ಹೆಚ್ಚು ಆಸೆಪಟ್ಟವಳು ಇವಳು, ಈಗೇನಾಯಿತು ಎಂದು ಅವನು ಅವಳ ಮುಖ ನೋಡಿದ. ಅವನು ಒಂದು ಪಕ್ಕಕ್ಕೆ ಸರಿದು ನಿಂತಿದ್ದ; ಅಕ್ಕ ಅವನು ಮೊದಲು ನಿಂತಿದ್ದ ಜಾಗಕ್ಕೇ ಮಾತಾಡುತ್ತಿದ್ದಳು.

"ಅಕ್ಕ, ನಾನು ಇಲ್ಲಿದ್ದೀನಿ," ಎಂದ ಮೆಲ್ಲಗೆ.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ನಂಗೆ ಕಣ್ಣು ಹೋಗ್ತಾ ಇದೆ," ಎಂದಳು. "ವರ್ಷದ ಮೇಲಾಯ್ತು. ಡಾಕ್ಟರಿಗೆಲ್ಲ ತೋರಿಸಿದ್ದೀನಿ. ಹನಿ ಹಾಕ್ಕೋತಾ ಇದ್ದೀನಿ. ಅದು ಹೋಗೋದನ್ನ ನಿಧಾನ ಮಾಡುತ್ತಂತೆ, ನಿಲ್ಲಿಸಲ್ಲವಂತೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಕೇಳಿದಳು, "ಹನಿ ನನ್ನ ಅಂಗಡೀಲಿ ಒಂದು ದಿನಾನೂ ತಗೊಂಡಿಲ್ವಲ್ಲ ಅತ್ತಿಗೆ?"

"ನಿನ್ನ ಅಂಗಡೀಲಿ ತಗೊಂಡ್ರೆ ಗುಟ್ಟು ಹೇಗಮ್ಮ ಉಳಿಯುತ್ತೆ? ಬಸ್ ಹತ್ತಿ ಬೇರೆ ಕಡೆ ಹೋಗಿ ತರ್ತಿದ್ದೆ."

ತಮ್ಮನಿಗೆ ಸಿಟ್ಟು ಬಂತು. "ನಂಗೆ ಹೇಳ್ಬೇಕು ಅನ್ನಿಸ್ಲೇ ಇಲ್ವಾ?"

"ಹೇಳಿದ್ರೆ ಮನೆ ತಗೊಳ್ತಿದ್ಯಾ ನೀನು?"

ಅವನು ಸರಕ್ಕನೆ ತಿರುಗಿ ಬಚ್ಚಲಿಗೆ ಹೋದ. ನಲ್ಲಿಯ ನೀರು ಬಹಳ ಹೊತ್ತು ಸುರಿಯುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಮುಖ ಒದ್ದೆಯಾಗಿತ್ತು, ಕಣ್ಣು ಕೆಂಪಾಗಿತ್ತು. ಬಡಗಿಯ ಕೈಯಿಂದ ಸುತ್ತಿಗೆ ಇಸಿದುಕೊಂಡು, ಎದ್ದಿದ್ದ ತುಂಡನ್ನು ತಾನೇ ಮೊದಲಿನ ಹಾಗೆ ಕೂರಿಸಿ ಹೊಡೆದ. ಬಡಗಿ ಪಾಪ, ಕೇಳದಿದ್ದರೂ ಉಪ್ಪುಕಾಗದ ತೆಗೆದು ಕೂಡುಜಾಗವನ್ನು ಉಜ್ಜಿಕೊಟ್ಟ. ಅಕ್ಕ ತಮ್ಮನನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ಮನೆಯನ್ನು ಒಂದು ಸುತ್ತು ಹಾಕಿ, ಮೊಳೆಗಳನ್ನು, ಒರಟು ಕಲ್ಲನ್ನು, ಕಂಬಗಳನ್ನು ಮುಟ್ಟಿಸಿ ಮುಟ್ಟಿಸಿ ತೋರಿಸಿದಳು.

ಇದನ್ನೆಲ್ಲ ಯಾರಿಗೋಸ್ಕರ ಯಾರು ಮಾಡಿದರು ಎಂದು ತಿಳಿಯಲು ದೂರ ಹೋಗಬೇಕಾಗಲಿಲ್ಲ. ಎದುರುಮನೆಯ ಅಜ್ಜಿ ಹಗಲೆಲ್ಲ ಕಿಟಕಿಯಲ್ಲೇ ಇರುವವರು. ಅಕ್ಕನೂ ಅವಳ ನಾದಿನಿ, ಅಂದರೆ ತಮ್ಮನ ಹೆಂಡತಿಯೂ ಅವರಲ್ಲಿಗೆ ಹೋಗಿ ಕೇಳಿದರು.

"ಬೇಕರಿಯವರದಲ್ವಾ ಅದು," ಎಂದರು ಅಜ್ಜಿ. "ಗಲ್ಲಿ ತುದೀಲಿ ಮೊಬೈಲ್ ಅಂಗಡಿ ಇದೆಯಲ್ಲ, ಅಲ್ಲೇ ಅವರ ಬೇಕರಿ ಇದ್ದಿದ್ದು. ಬೆಳಿಗ್ಗೆ ಇಡೀ ಗಲ್ಲಿ ಅವರ ಬನ್ನಿನ ವಾಸನೆಗೇ ಏಳ್ತಿತ್ತು. ಮರದ ವ್ಯಾಪಾರಿ ಹತ್ರ ಮನೆ ತಗೊಂಡ್ರು. ಇಲ್ಲೇ ಮಗಳು ಹುಟ್ಟಿದ್ಲು. ಹುಟ್ಟಿದಾಗ್ಲಿಂದ್ಲೂ ಕಣ್ಣಿರಲಿಲ್ಲ ಮಗೂಗೆ. ಆವಾಗ್ಲಿಂದ ಗಂಡ ಹೆಂಡ್ತಿ ಮನೇನ ಕೆತ್ತಿದ್ದೇ ಕೆತ್ತಿದ್ದು. ಮಧ್ಯಾಹ್ನ ಮಲಗೋಣ ಅಂದ್ರೆ ಟಕ್ ಟಕ್, ಟಕ್ ಟಕ್. ನಾನು ಎಷ್ಟು ಸಲ ಬೈದಿಲ್ಲ."

"ಆಮೇಲೆ ಇದ್ದೋರು ಇದನ್ನ ಕೀಳಿಸಲಿಲ್ವಲ್ಲ ಅಜ್ಜಿ?" ಎಂದಳು ನಾದಿನಿ.

"ಆಮೇಲೆ ಬಂದೋರು ವಕೀಲರು. ಅವರ ಹೆಂಡ್ತಿ ದಿನಾ ಹೇಳೋಳು, ಆ ಪಟ್ಟಿ ತೆಗೆಸ್ರಿ, ಆ ಪಟ್ಟಿ ತೆಗೆಸ್ರಿ ಅಂತ. ಅವರು ಕೋರ್ಟಲ್ಲಿ ಕೇಸು ಮುಂದಕ್ಕೆ ಹಾಕಿದ ಹಾಗೆ ಮುಂದಿನ ತಿಂಗಳು, ಮುಂದಿನ ತಿಂಗಳು ಅನ್ನೋರು. ಮನೆ ಮಾರೋ ತನಕ ಆ ಮುಂದಿನ ತಿಂಗಳು ಬರಲೇ ಇಲ್ಲ."

ಅಕ್ಕ ಜೋರಾಗಿ ನಕ್ಕಳು. ಇಷ್ಟು ದಿನದಲ್ಲಿ ಹಾಗೆ ನಕ್ಕಿದ್ದು ಅದೇ ಮೊದಲು. "ಆ ವಕೀಲರ ಸೋಮಾರಿತನಕ್ಕೆ ಒಂದು ದೊಡ್ಡ ನಮಸ್ಕಾರ," ಎಂದಳು.

ಬೇಕರಿಯವರೂ ಅವರ ಹೆಂಡತಿಯೂ ಈಗಿಲ್ಲ. ಮಗಳು ಮಾತ್ರ ದೊಡ್ಡಾಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಳೆ ಎಂದು ಅಜ್ಜಿಯೇ ಹೇಳಿದರು. ಅಕ್ಕ ಮಾರನೆಯ ದಿನ ಆಸ್ಪತ್ರೆಗೆ ಫೋನು ಮಾಡಿದಳು.

"ಯಾವ ವಿಭಾಗ ಬೇಕಾಗಿತ್ತು?" ಎಂದಿತು ಆ ಕಡೆಯ ದನಿ.

"ವಿಭಾಗ ಬೇಡಮ್ಮ. ನೀವೇ ಬೇಕಾಗಿತ್ತು. ನೀವು ಬೇಕರಿಯವರ ಮಗಳಲ್ವಾ?"

"ಹಾಗೆ ಕರೆದು ಎಷ್ಟು ವರ್ಷ ಆಯ್ತು ಗೊತ್ತಾ? ಯಾರು ಮಾತಾಡ್ತಿರೋದು?"

"ನಿಮ್ಮ ಮನೇಲಿ ಈಗ ನಾವಿದ್ದೀವಿ. ಪಟ್ಟಿ, ಮೊಳೆ ಎಲ್ಲ ಹಾಗೇ ಇದೆ. ನಂಗೂ ಕಣ್ಣು ಹೋಗ್ತಿದೆ, ನಿಮ್ಮ ಮನೆ ನನ್ನ ಕೈ ಹಿಡ್ಕೊಂಡಿದೆ. ಅದನ್ನ ಯಾರಿಗಾದ್ರೂ ಹೇಳ್ಬೇಕಿತ್ತು."

"ಒಂದು ನಿಮಿಷ, ಇನ್ನೊಂದು ಲೈನ್ ಬಂತು," ಎಂದಳು ಆಪರೇಟರ್. ಲೈನು ಬಂದಿತ್ತೋ ಇಲ್ಲವೋ, ಮರಳಿ ಬಂದಾಗ ದನಿ ಸ್ವಲ್ಪ ಒಡೆದಿತ್ತು. "ಭಾನುವಾರ ಬರಲಾ?" ಎಂದು ಕೇಳಿದಳು.

ಭಾನುವಾರ ತಮ್ಮ ಹೋಗಿ ಮುಖ್ಯರಸ್ತೆಯಲ್ಲಿ ಕಾದು ಅವಳನ್ನು ಕರೆತಂದ. ಎತ್ತರದ ಹೆಂಗಸು, ಅಕ್ಕನಿಗಿಂತ ಎರಡು ಮೂರು ವರ್ಷ ಚಿಕ್ಕವಳಿರಬಹುದು, ಕೈಯಲ್ಲಿ ಬಿಳಿ ಕೋಲು. ತಲೆಬಾಗಿಲ ತನಕ ಕೋಲು ಕುಟ್ಟುತ್ತ ಬಂದವಳು ಒಳಗೆ ಕಾಲಿಟ್ಟದ್ದೇ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಎಡಗೈಯನ್ನು ಪಟ್ಟಿಯ ಮೇಲಿಟ್ಟು ಎಷ್ಟು ವೇಗವಾಗಿ ನಡೆದಳೆಂದರೆ ಹಿಂದಿದ್ದ ತಮ್ಮ ಓಡಬೇಕಾಯಿತು. ಅಂಗಳದ ಅಂಚಿನಲ್ಲಿ ತಟಕ್ಕನೆ ನಿಂತಳು.

"ಇಲ್ಲಿ ಬಿದ್ದು ನನ್ನ ಹಲ್ಲು ಮುರಿದಿತ್ತು," ಎಂದಳು ಕಾಲಿಂದ ಒರಟು ಕಲ್ಲನ್ನು ಉಜ್ಜುತ್ತ. "ಹಾಲುಹಲ್ಲು, ಹೇಗಿದ್ರೂ ಬೀಳೋದಿತ್ತು. ಆದ್ರೂ ಅಪ್ಪ ಆ ವಾರದಲ್ಲೇ ಈ ಕಲ್ಲು ಹಾಕಿಸಿದ್ರು. ಈ ಮನೇಲಿ ಏನೇನಿದೆಯೋ ಎಲ್ಲ ನಾನು ಬಿದ್ದ ಮೇಲೆ ಬಂದಿದ್ದು. ಮೊದಲೇ ಯೋಚನೆ ಮಾಡಿ ಮಾಡಿದ್ದು ಒಂದೂ ಇಲ್ಲ."

ಆಮೇಲೆ ಕಂಬದ ಹತ್ತಿರ ಹೋದಳು. ಹಣೆಯ ಮೇಲಿದ್ದ ಹಳೆಯ ಗಾಯದ ಗುರುತನ್ನು ಬೆರಳಲ್ಲಿ ತೋರಿಸಿ, "ಈ ಗಾಯದ ಬೆಲೆಗೆ ಕಂಬದ ಅಂಚು ದುಂಡಗಾಯ್ತು," ಎಂದಳು. "ಅಪ್ಪನಿಗೆ ಹಿಟ್ಟು ನಾದೋದು ಬಿಟ್ರೆ ಬೇರೆ ಕೆಲಸ ಬರ್ತಿರ್ಲಿಲ್ಲ. ಉಳಿ ಹಿಡಿಯೋಕೆ ಕಲಿತಿದ್ದೇ ಈ ಕಂಬದ ಮೇಲೆ. ನೋಡೋರಿಗೆ ಅಸಹ್ಯ ಕಾಣುತ್ತಂತೆ, ಹೌದಾ?"

"ಸ್ವಲ್ಪ ಸೊಟ್ಟಗಿದೆ," ಎಂದ ತಮ್ಮ ಪ್ರಾಮಾಣಿಕವಾಗಿ.

ಅವಳಿಗೆ ಆ ಉತ್ತರ ಬಹಳ ಹಿಡಿಸಿತು. "ಮೊಳೆ ಅಮ್ಮನ ಉಪಾಯ," ಎಂದು ಮುಂದುವರಿಸಿದಳು. "ಅಪ್ಪ ಬಾಗಿಲಿಗೆ ಗಂಟೆ ಕಟ್ಟೋಣ ಅಂದ್ರಂತೆ. ಅವಳೇನು ಹಸುವಿನ ಕರುವೇನ್ರೀ, ಬೆರಳಿಗೆ ಗೊತ್ತಾದ್ರೆ ಸಾಕು ಅಂದ್ಲಂತೆ."

ಅಂಗಳದಲ್ಲಿ ಎಲ್ಲರೂ ಚಹಾ ಕುಡಿಯುತ್ತ ಕೂತರು. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ತನ್ನ ಕ್ವಾರ್ಟರ್ಸಿಗೆ ಕರೆದುಕೊಂಡು ಹೋದದ್ದನ್ನು ಅವಳು ಹೇಳಿದಳು. "ಮನೆ ಕೊಟ್ಟಿದ್ದಕ್ಕೆ ಅಪ್ಪನಿಗೆ ಬೇಜಾರಿರ್ಲಿಲ್ಲ. ಬಂದೋರು ಮೊದಲ ದಿನಾನೇ ಎಲ್ಲ ಕಿತ್ತುಹಾಕ್ತಾರೆ, ತಾನು ಮಾಡಿದ್ದೆಲ್ಲ ಸೌದೆಗೆ ಹೋಗುತ್ತೆ ಅಂತ ಕೊರಗಿತ್ತು. ನಾನೂ ಹಾಗೇ ಅಂದ್ಕೊಂಡಿದ್ದೆ. ಈ ಗಲ್ಲಿಗೆ ಬರಬೇಕು ಅಂತ ಎಷ್ಟೋ ಸಲ ಅನ್ನಿಸ್ತು. ಬಂದು ಗೋಡೆ ಮುಟ್ಟಿ, ಏನೂ ಇಲ್ಲದಿದ್ರೆ? ಅದಕ್ಕೇ ಬರಲಿಲ್ಲ."

ಅಕ್ಕ ಅವಳ ಕೈ ಹಿಡಿದುಕೊಂಡಳು.

"ನಿಮ್ಮ ಅಪ್ಪ ಅಮ್ಮ ನನ್ನ ಮುಖ ನೋಡಿದೋರಲ್ಲ," ಎಂದಳು. "ಆದ್ರೂ ನಂಗೆ ಇಷ್ಟು ಮಾಡಿಟ್ಟು ಹೋಗಿದ್ದಾರೆ. ನಾನು ಬೆಳಿಗ್ಗೆ ಎದ್ದು ಈ ಪಟ್ಟಿ ಮೇಲೆ ಕೈಯಿಟ್ಟಾಗೆಲ್ಲ ಅವರನ್ನ ನೆನೆಸ್ಕೋತೀನಿ. ಅಷ್ಟು ಮಾತ್ರ ನನ್ನಿಂದಾಗೋದು."

"ಸಾಕಲ್ಲ," ಎಂದಳು ಆಪರೇಟರ್. ಲೋಟ ಕೆಳಗಿಟ್ಟು ಕೇಳಿದಳು, "ನೀವು ಹೊಲಿಗೆ ಮಾಡ್ತೀರಂತೆ?"

"ಮಾಡ್ತಿದ್ದೆ. ಇನ್ನೆಷ್ಟು ದಿನವೋ."

"ಕಣ್ಣು ಇನ್ನೂ ಸ್ವಲ್ಪ ಇರೋವಾಗ್ಲೇ ಕೈಗೆ ಕಲಿಸಿಬಿಡಿ. ಹೇಗೆ ಅಂತ ಕೈಗೆ ತೋರಿಸೋಕೆ ನಂಗೆ ಕಣ್ಣೇ ಇರಲಿಲ್ಲ. ನಿಮಗೆ ಕಣ್ಣೂ ಇದೆ, ಕೈಯೂ ಇದೆ."

ಅಂದಿನಿಂದ ಅವಳು ರಜೆ ಸಿಕ್ಕಾಗೆಲ್ಲ ಬರತೊಡಗಿದಳು. ತಾನು ಗುಂಡಿ ಹೊಲಿಯುವ ರೀತಿ, ಬಣ್ಣ ಬಣ್ಣದ ದಾರಗಳ ಉಂಡೆಗಳನ್ನು ಗಂಟಿನಿಂದ ಗುರುತು ಹಿಡಿಯುವ ರೀತಿ ಅಕ್ಕನಿಗೆ ಕಲಿಸಿದಳು. ಹೊಲಿಗೆ ಓರೆಯಾಗದಂತೆ ಬಟ್ಟೆಯ ಅಂಚು ತಾಗಿಕೊಂಡು ಹೋಗಲಿ ಎಂದು ತಮ್ಮ ಮೆಷಿನ್ನಿನ ತಟ್ಟೆಗೆ ಒಂದು ಉಕ್ಕಿನ ದಬ್ಬೆ ಬೆಸೆದುಕೊಟ್ಟ. ಅಕ್ಕ ಕಣ್ಣು ಮುಚ್ಚಿಕೊಂಡು ಒಂದು ದಿಂಬಿನ ಚೀಲ ಹೊಲಿದಳು. ಎರಡನೆಯದು ಮೊದಲನೆಯದಕ್ಕಿಂತ ನೆಟ್ಟಗೆ ಬಂತು. ಸಮವಸ್ತ್ರ ಬಿಟ್ಟು ದಿಂಬಿನ ಚೀಲ, ಪರದೆ, ಹಾಸಿಗೆ ಹೊದಿಕೆಗಳಿಗೆ ಇಳಿದಳು. ಕೆಲಸ ನಿಲ್ಲಲಿಲ್ಲ.

ಹೀಗೆ ಬಂದಿದ್ದಾಗ ಒಮ್ಮೆ ಆಪರೇಟರ್ ಮಹಡಿಗೆ ಹೋಗಿ ಬಹಳ ಹೊತ್ತಾದರೂ ಇಳಿಯಲಿಲ್ಲ. ತಮ್ಮ ಹೋಗಿ ನೋಡಿದರೆ ತಾರಸಿಗೆ ಹೋಗುವ ಏಣಿಯಂಥ ಕಡಿದಾದ ಮೆಟ್ಟಿಲ ಬುಡದಲ್ಲಿ ನಿಂತು ಮೇಲಿನ ಬಾಗಿಲ ಕಡೆ ಮುಖ ಮಾಡಿದ್ದಳು.

"ಇಲ್ಲಿಂದ ಮೇಲೆ ಪಟ್ಟಿ ಇಲ್ಲ," ಎಂದಳು. "ಇದೊಂದು ಜಾಗ ಮಾತ್ರ ಅಪ್ಪ ಮಾಡ್ಲಿಲ್ಲ. ಮೇಲೆ ಅಡ್ಡಗೋಡೆ ಮೊಣಕಾಲೆತ್ತರ ಅಷ್ಟೆ ಇರೋದು. ಅಮ್ಮ ಬಾಗಿಲಿಗೆ ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸ್ಕೋತಿದ್ಲು. ಹುಟ್ಟಿ ಬೆಳೆದ ಮನೆ, ತಾರಸಿ ಹೇಗಿದೆ ಅಂತ ನಂಗೆ ಗೊತ್ತೇ ಇಲ್ಲ ನೋಡಿ."

ಮಾರನೆಯ ದಿನ ತಮ್ಮ ಶೆಡ್ಡಿನಿಂದ ಕೊಳವೆಗಳನ್ನು ಭುಜದ ಮೇಲೆ ಹೊತ್ತು ತಂದ. ಮೆಟ್ಟಿಲ ಎರಡೂ ಪಕ್ಕಕ್ಕೆ, ತಾರಸಿಯ ನಾಲ್ಕೂ ಬದಿಗೆ ಎದೆಯೆತ್ತರದ ಕಂಬಿ ನಿಲ್ಲಿಸಿದ. ದಿನದ ಕೆಲಸ ಮುಗಿಸಿ ಬಂದು ಮಾಡಬೇಕಿದ್ದರಿಂದ ವಾರಗಳೇ ಹಿಡಿದವು. ಬೆಸುಗೆಯ ಪ್ರತಿ ಗಂಟನ್ನೂ ಕೈಗೆ ತಾಗದಂತೆ ಅರ ಹಾಕಿ ಉಜ್ಜಿದ. ಎಲ್ಲ ಮುಗಿದ ಮೇಲೆ ಹೆಂಡತಿಯ ಶಾಲನ್ನು ಕಣ್ಣಿಗೆ ಕಟ್ಟಿಕೊಂಡು ತಾನೇ ಹತ್ತಿ ನೋಡಿದ. ಕೊನೆಯ ಮೆಟ್ಟಿಲಿಗೆ ಮೊಣಕಾಲ ಕೆಳಗಿನ ಮೂಳೆ ಬಡಿಸಿಕೊಂಡು ಕುಂಟುತ್ತ ಇಳಿದುಬಂದ. ಆ ಮೆಟ್ಟಿಲು ಉಳಿದವಕ್ಕಿಂತ ಎತ್ತರವಿದ್ದದ್ದು ಆಗಲೇ ಗೊತ್ತಾದದ್ದು. ಅದನ್ನೂ ಸರಿಮಾಡಿದ.

"ಈ ಮನೇಲಿ ಏನಿದ್ರೂ ಯಾರಾದ್ರೂ ಬಿದ್ದ ಮೇಲೇ ಬರೋದು ಅಂತ ಕಾಣುತ್ತೆ," ಎಂದಳು ಅಕ್ಕ. "ಈ ಸಲ ನೀನೇ ಬಿದ್ದೆ."

ಆಪರೇಟರ್ ಬಂದದ್ದು ಒಂದು ಬೆಳಿಗ್ಗೆ, ಬಿಸಿಲೇರುವ ಮುಂಚೆ. ತಮ್ಮ ಮುಂದೆ, ಅವಳು ನಡುವೆ, ಅಕ್ಕ ಹಿಂದೆ ಹತ್ತಿದರು. ಬಾಗಿಲು ತೆರೆದಾಗ ಗಾಳಿ ಮುಖಕ್ಕೆ ಬಡಿಯಿತು. ಅವಳು ಕಂಬಿಯನ್ನು ಹಿಡಿದು ತಾರಸಿಯನ್ನು ಒಂದು ಸುತ್ತು ಬಂದಳು, ಆಮೇಲೆ ಇನ್ನೊಂದು ಸುತ್ತು. ಎರಡನೆಯ ಸುತ್ತಿನಲ್ಲಿ ಕಂಬಿಯ ಮೇಲೆ ಕೈ ಬರೀ ಸವರಿಕೊಂಡು ಹೋಗುತ್ತಿತ್ತು.

"ಗಲ್ಲಿ ಸದ್ದೆಲ್ಲ ಕೆಳಗಿನಿಂದ ಬರ್ತಿದೆ," ಎಂದಳು ಆಶ್ಚರ್ಯದಿಂದ. "ಸೈಕಲ್ ಗಂಟೆ ನನ್ನ ಕಾಲ ಕೆಳಗಿದೆ."

ಎದುರು ಕಿಟಕಿಯಿಂದ ಅಜ್ಜಿಯ ದನಿ ಕೇಳಿಸಿತು. "ಯಾರದು ಮೇಲೆ? ಬೇಕರಿ ಹುಡುಗೀನಾ?"

"ಹೌದಜ್ಜಿ, ನಾನೇ."

"ನಿಮ್ಮಮ್ಮ ನೋಡಿದ್ರೆ ಎದೆ ಒಡ್ಕೋತಿದ್ಲು."

"ಕಂಬಿ ಗಟ್ಟಿಯಾಗಿದೆ ಅಜ್ಜಿ. ನೀವೂ ಬನ್ನಿ ಬೇಕಾದ್ರೆ."

"ನನ್ನ ಮೊಣಕಾಲು ಗಟ್ಟಿಯಾಗಿಲ್ವಲ್ಲಮ್ಮ," ಎಂದರು ಅಜ್ಜಿ.

ಆಪರೇಟರ್ ನಕ್ಕು, ಕಂಬಿಗೆ ಬೆನ್ನು ಕೊಟ್ಟು ನಿಂತಳು. "ಅಮ್ಮ ಇಲ್ಲಿ ಬಟ್ಟೆ ಒಣಗಹಾಕೋಳು. ನಾನು ಕೆಳಗೆ ಕೂತು ಅವಳು ಬಟ್ಟೆ ಝಾಡಿಸೋದನ್ನ ಕೇಳ್ತಿದ್ದೆ," ಎಂದಳು. ಆಮೇಲೆ ಅಕ್ಕನ ಕಡೆ ತಿರುಗಿ ಕೇಳಿದಳು, "ಒದ್ದೆ ಬಟ್ಟೆ ಏನಾದ್ರೂ ಇದ್ಯಾ ಮನೇಲಿ?"

ನಾದಿನಿ ಹೋಗಿ ಬಕೆಟ್ಟು ತಂದಳು. ತಮ್ಮ ಒಂದು ಕಂಬಿಯಿಂದ ಇನ್ನೊಂದಕ್ಕೆ ಹಗ್ಗ ಬಿಗಿದ. ಅಕ್ಕ ಒಂದೊಂದೇ ಬಟ್ಟೆ ಹಿಂಡಿ ಕೊಟ್ಟಳು, ಬೇಕರಿಯವರ ಮಗಳು ಅದನ್ನು ಜೋರಾಗಿ ಝಾಡಿಸಿ ಹಗ್ಗದ ಮೇಲೆ ಹಾಕಿದಳು. ನೀರಿನ ಹನಿಗಳು ಎಲ್ಲರ ಮುಖದ ಮೇಲೂ ಹಾರಿದವು. ತಮ್ಮನ ಕೆಲಸದ ಅಂಗಿ ಕೈಗೆ ಬಂದಾಗ ಮೂಸಿ ನೋಡಿ, ಇದನ್ನು ಇನ್ನೊಮ್ಮೆ ಒಗೆಯಬೇಕು ಎಂದು ಬಕೆಟ್ಟಿಗೇ ವಾಪಸು ಹಾಕಿದಳು.